ಕಾರ್ಡ್ ಉಜ್ಜಿದ ಮೇಲೆ: ಹಣದ ಹಾದಿ, ಶುಲ್ಕದ ಲೆಕ್ಕ

ಅಂಗಡಿಯಲ್ಲಿ ಹತ್ತು ಸಾವಿರ ರೂಪಾಯಿಯ ಮಿಕ್ಸಿ, ಕುಕ್ಕರ್ ಕೊಂಡು ಕ್ರೆಡಿಟ್ ಕಾರ್ಡ್ ಕೊಟ್ಟರೆ ಕೊಂಡವರ ಬಿಲ್ಲಿನಲ್ಲಿ ಹತ್ತು ಸಾವಿರವೇ ಬರುತ್ತದೆ. ಅಂಗಡಿಯವರ ಖಾತೆಗೆ ಮಾತ್ರ ಅಷ್ಟು ಬರುವುದಿಲ್ಲ. ಅವರು ತಮ್ಮ ಬ್ಯಾಂಕಿನೊಂದಿಗೆ ಶೇ 2ರ ದರಕ್ಕೆ ಒಪ್ಪಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಶುಲ್ಕ ₹200, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ ₹36, ಒಟ್ಟು ₹236 ಮುರಿದುಕೊಂಡು ಉಳಿದ ₹9,764 ಜಮೆಯಾಗುತ್ತದೆ. ಅದೇ ಸಾಮಾನಿಗೆ ರುಪೇ ಡೆಬಿಟ್ ಕಾರ್ಡ್ ಕೊಟ್ಟಿದ್ದರೆ ಪೂರ್ತಿ ಹತ್ತು ಸಾವಿರ ಬರುತ್ತಿತ್ತು. ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಡೆಬಿಟ್ ಕಾರ್ಡ್ ಆಗಿದ್ದರೆ ಸಣ್ಣ ಅಂಗಡಿಗೆ ಹೆಚ್ಚೆಂದರೆ ₹40, ದೊಡ್ಡ ಅಂಗಡಿಗೆ ಹೆಚ್ಚೆಂದರೆ ₹90 ಶುಲ್ಕ ಬೀಳುತ್ತಿತ್ತು. ಸಾಮಾನು ಒಂದೇ, ಯಂತ್ರವೂ ಒಂದೇ. ಕಾರ್ಡಿನ ಮೇಲಿನ ಗುರುತು ಬದಲಾದರೆ ವರ್ತಕರ ಕೈಸೇರುವ ಹಣ ಬದಲಾಗುತ್ತದೆ.

ಈ ದರಗಳನ್ನು ಯಾರು ನಿಗದಿ ಮಾಡುತ್ತಾರೆ? ಕಳೆದ ಹಣ ಯಾರ ಪಾಲಾಗುತ್ತದೆ? ಕೋಟಿಗಟ್ಟಲೆ ವಹಿವಾಟುಗಳಲ್ಲಿ ಒಂದೊಂದನ್ನೂ ಬ್ಯಾಂಕು ಹೇಗೆ ಗುರುತಿಟ್ಟುಕೊಳ್ಳುತ್ತದೆ? ಇಷ್ಟೆಲ್ಲ ಲೆಕ್ಕ ಇಟ್ಟಿರುವಾಗ ಹಣ ಕೊಡುವವರಿಗೂ ಪಡೆಯುವವರಿಗೂ ಪಾಸ್‌ಬುಕ್ಕಿನಲ್ಲಿ ಅರ್ಥವಾಗದ ಒಂದು ಸಾಲು ಮಾತ್ರ ಏಕೆ ಸಿಗುತ್ತದೆ? ದೇಶದಲ್ಲಿ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರ ಆರಂಭದಲ್ಲೇ 10 ಕೋಟಿ ದಾಟಿದೆ. ಡೆಬಿಟ್ ಕಾರ್ಡುಗಳು ಅದರ ಹಲವು ಪಟ್ಟು ಇವೆ. ಹಾಗಾಗಿ ಇದು ಹಣಕಾಸು ಪಂಡಿತರಿಗಷ್ಟೇ ಬಿಟ್ಟುಕೊಡಬಹುದಾದ ವಿಷಯವಾಗಿ ಉಳಿದಿಲ್ಲ.

ಒಂದು ವಹಿವಾಟು, ಐದು ಪಾಲುದಾರರು

ಕಾರ್ಡ್ ಪಾವತಿಯಲ್ಲಿ ಕಣ್ಣಿಗೆ ಕಾಣುವವರು ಇಬ್ಬರು: ಕೊಳ್ಳುವವರು, ಮಾರುವವರು. ಕಾಣದವರು ಮೂವರು. ಕಾರ್ಡ್ ಕೊಟ್ಟ ಬ್ಯಾಂಕು ಒಂದು. ಅಂಗಡಿಗೆ ಸ್ವೈಪ್ ಮಷೀನು ಕೊಟ್ಟು ಅಲ್ಲಿಯ ವಹಿವಾಟನ್ನು ವಹಿಸಿಕೊಂಡ ಬ್ಯಾಂಕು ಇನ್ನೊಂದು. ಈ ಎರಡು ಬ್ಯಾಂಕುಗಳನ್ನು ಬೆಸೆಯುವ ಜಾಲ ಮೂರನೆಯದು: ವೀಸಾ, ಮಾಸ್ಟರ್‌ಕಾರ್ಡ್ ಅಥವಾ ನಮ್ಮ ರುಪೇ.

ಈ ಏರ್ಪಾಡಿನ ಬೇರು ಅಮೆರಿಕದಲ್ಲಿದೆ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದಲ್ಲಿ ಆರಂಭಿಸಿದ ಬ್ಯಾಂಕ್‌ಅಮೆರಿಕಾರ್ಡ್ ಯೋಜನೆಯೇ ಮುಂದೆ ವೀಸಾ ಆಯಿತು. ಭಾರತದಲ್ಲಿ ಮೊದಲ ಕ್ರೆಡಿಟ್ ಕಾರ್ಡನ್ನು 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತಂದಿತು. ದೇಶದ ಬ್ಯಾಂಕುಗಳ ಪಾವತಿ ಜಾಲಗಳನ್ನು ಒಂದೇ ಸೂರಿನಡಿ ತರಲು 2008ರಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಸ್ಥಾಪನೆಯಾಯಿತು. ಅದರ ರುಪೇ ಕಾರ್ಡ್ 2012ರಲ್ಲಿ ಬಂತು. ಅದಕ್ಕೂ ಮುಂಚೆ ಒಂದು ಭಾರತೀಯ ಬ್ಯಾಂಕಿನ ಕಾರ್ಡನ್ನು ಇನ್ನೊಂದು ಭಾರತೀಯ ಬ್ಯಾಂಕಿನ ಯಂತ್ರದಲ್ಲಿ ಅಂಗಡಿ ವ್ಯವಹಾರಕ್ಕೆ ಬಳಸಿದಾಗ ವಿದೇಶಿ ಜಾಲದ ಕೆಲಸವೇ ಬೇಕಾಗುತ್ತಿತ್ತು, ಅದರ ಶುಲ್ಕವೂ ಅಲ್ಲಿಗೇ ಹೋಗುತ್ತಿತ್ತು.

ಕೆಲವು ಕ್ಷಣಗಳ ಪ್ರಶ್ನೋತ್ತರ

ಕಾರ್ಡನ್ನು ಯಂತ್ರಕ್ಕೆ ತೂರಿಸಿ ಪಿನ್ ಒತ್ತಿದ ಮೇಲೆ ಚೀಟಿ ಹೊರಬರುವಷ್ಟರಲ್ಲಿ ನಡೆಯುವುದು ಒಂದು ಪ್ರಶ್ನೆ, ಒಂದು ಉತ್ತರ. ಪ್ರಶ್ನೆ: ಈ ಕಾರ್ಡಿಗೆ ಇಷ್ಟು ಹಣ ಕೊಡಬಹುದೇ? ಉತ್ತರ: ಹೌದು ಅಥವಾ ಇಲ್ಲ.

ಕಾರ್ಡಿನ ಮೇಲಿನ ಹದಿನಾರು ಅಂಕೆಗಳಲ್ಲಿ ಮೊದಲ ಆರು, ಹೊಸ ಮಾನಕದಂತೆ ಮೊದಲ ಎಂಟು, ಯಾವ ಬ್ಯಾಂಕು ಕೊಟ್ಟ ಯಾವ ಬಗೆಯ ಕಾರ್ಡು ಎಂದು ಹೇಳುತ್ತವೆ. ಕೊನೆಯ ಅಂಕೆ ಉಳಿದವು ಸರಿಯಿವೆಯೇ ಎಂದು ನೋಡಲು ಇರುವ ತಾಳೆ ಅಂಕೆ. ಅದರ ಸೂತ್ರವನ್ನು ರೂಪಿಸಿದವರು ಐಬಿಎಂನ ಹಾನ್ಸ್ ಪೀಟರ್ ಲೂನ್. ಚಿಪ್ ಪ್ರತಿ ಸಲವೂ ಆ ವಹಿವಾಟಿಗೆಂದೇ ಒಂದು ಗೂಢಸಂಖ್ಯೆ ಹುಟ್ಟಿಸುತ್ತದೆ. ಅದನ್ನು ಯಾರಾದರೂ ಕದ್ದರೂ ಮತ್ತೆ ಬಳಸಲು ಬರುವುದಿಲ್ಲ. ಪಿನ್ ಅಂಗಡಿಯವರಿಗಾಗಲಿ ಅವರ ಬ್ಯಾಂಕಿಗಾಗಲಿ ತಿಳಿಯದಂತೆ ಯಂತ್ರದೊಳಗೇ ಗೂಢಲಿಪಿಗೆ ತಿರುಗಿ ಮುಂದೆ ಹೋಗುತ್ತದೆ.

ಇವೆಲ್ಲ ಸೇರಿದ ಸಂದೇಶ ಅಂಗಡಿಯ ಬ್ಯಾಂಕಿನಿಂದ ಜಾಲಕ್ಕೆ, ಜಾಲದಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿ ಕಾರ್ಡ್ ಉಜ್ಜಿದರೂ ಈ ಸಂದೇಶದ ಅಚ್ಚು ಬಹುಮಟ್ಟಿಗೆ ಒಂದೇ. 1987ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8583 ಎಂಬ ಮಾನಕವೇ ಆ ಅಚ್ಚು. ಅದರಲ್ಲಿ ಪ್ರತಿ ಮಾಹಿತಿಗೂ ಒಂದು ನಿಗದಿತ ಸ್ಥಾನವಿದೆ: ಮೊತ್ತ, ಸಮಯ, ಯಂತ್ರದ ಸಂಖ್ಯೆ, ವರ್ತಕರ ಸಂಖ್ಯೆ, ಯಾವ ಬಗೆಯ ಅಂಗಡಿ ಎಂದು ತಿಳಿಸುವ ನಾಲ್ಕಂಕಿಯ ಸಂಕೇತ. ದಿನಸಿ ಅಂಗಡಿಗೆ 5411, ಹೋಟೆಲ್ ಊಟಕ್ಕೆ 5812. ಕಾರ್ಡ್ ಕೊಟ್ಟ ಬ್ಯಾಂಕಿನ ಕಂಪ್ಯೂಟರು ಕಾರ್ಡಿನ ಅವಧಿ, ಪಿನ್, ಮಿತಿ, ಖಾತೆಯ ಹಣ, ಮೋಸದ ಲಕ್ಷಣ ಎಲ್ಲವನ್ನೂ ನೋಡಿ ಎರಡಂಕಿಯ ಉತ್ತರ ಕಳಿಸುತ್ತದೆ. 00 ಎಂದರೆ ಒಪ್ಪಿಗೆ. 51 ಎಂದರೆ ಹಣ ಸಾಲದು. 54 ಎಂದರೆ ಅವಧಿ ಮುಗಿದ ಕಾರ್ಡು. 55 ಎಂದರೆ ಪಿನ್ ತಪ್ಪು. ಯಂತ್ರದ ಪರದೆಯ ಮೇಲೆ ಬರೀ ‘ಡಿಕ್ಲೈನ್ಡ್’ ಎಂದು ಕಂಡಾಗಲೂ ಬ್ಯಾಂಕಿನ ದಾಖಲೆಯಲ್ಲಿ ಕಾರಣದ ಸಂಕೇತ ಇದ್ದೇ ಇರುತ್ತದೆ.

ಜೊತೆಗೆ ಎರಡು ಗುರುತು ಹುಟ್ಟುತ್ತವೆ. ಕಾರ್ಡ್ ಕೊಟ್ಟ ಬ್ಯಾಂಕು ಕಳಿಸುವ ಆರು ಅಕ್ಷರದ ಒಪ್ಪಿಗೆ ಸಂಕೇತ ಒಂದು. ಹನ್ನೆರಡು ಅಂಕೆಯ ಉಲ್ಲೇಖ ಸಂಖ್ಯೆ ಇನ್ನೊಂದು. ಬ್ಯಾಂಕಿನವರು ಇದನ್ನು ಆರ್‌ಆರ್‌ಎನ್ ಎನ್ನುತ್ತಾರೆ. ರಿಜಿಸ್ಟರ್ಡ್ ಅಂಚೆಗೆ ಕೊಡುತ್ತಿದ್ದ ರಸೀದಿ ಸಂಖ್ಯೆ ಇದ್ದಂತೆ, ಮುಂದೆ ಈ ವಹಿವಾಟನ್ನು ಯಾವ ಬ್ಯಾಂಕಿನಲ್ಲಿ ಹುಡುಕಬೇಕಾದರೂ ಇದೇ ಹಿಡಿಕೆ. ಚೀಟಿಯ ಮೇಲೆ ಇದು ಅಚ್ಚಾಗಿರುತ್ತದೆ. ಚೀಟಿಯನ್ನು ಅಲ್ಲೇ ಬುಟ್ಟಿಗೆ ಹಾಕುವವರು ತಮ್ಮ ಏಕೈಕ ಪುರಾವೆಯನ್ನು ಎಸೆಯುತ್ತಿದ್ದಾರೆ ಎಂಬುದು ದೂರು ಕೊಡುವ ದಿನ ಗೊತ್ತಾಗುತ್ತದೆ.

ಒಪ್ಪಿಗೆ ಮೊದಲು, ಹಣ ಆಮೇಲೆ

ಚೀಟಿ ಬಂದ ಕೂಡಲೇ ಹಣ ಅಂಗಡಿಗೆ ಹೋಯಿತು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಕ್ರೆಡಿಟ್ ಕಾರ್ಡಿನ ಮಟ್ಟಿಗೆ ಆಗ ಆಗಿರುವುದು ಒಪ್ಪಿಗೆ ಮಾತ್ರ. ಕಾರ್ಡಿನ ಮಿತಿಯಲ್ಲಿ ಅಷ್ಟು ಹಣ ಎತ್ತಿಡಲಾಗಿದೆ, ಇನ್ನೂ ಯಾವ ಬ್ಯಾಂಕೂ ಯಾವ ಬ್ಯಾಂಕಿಗೂ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ವಸತಿಗೃಹಗಳು ಕೋಣೆ ಕೊಡುವಾಗ ಒಂದು ಮೊತ್ತಕ್ಕೆ ಒಪ್ಪಿಗೆ ಪಡೆದು, ಹೊರಡುವ ದಿನ ನಿಜವಾದ ಬಿಲ್ಲಿನಷ್ಟೇ ಕೇಳುವುದು ಇದರಿಂದಲೇ ಸಾಧ್ಯ. ಎತ್ತಿಟ್ಟ ಹಣ ಬಿಡುಗಡೆಯಾಗಲು ಕೆಲವು ದಿನ ಹಿಡಿದು ಗ್ರಾಹಕರು ಗಾಬರಿಯಾಗುವುದೂ ಇದರಿಂದಲೇ.

ಹಣದ ಕೆಲಸ ಶುರುವಾಗುವುದು ಅಂಗಡಿಯ ಯಂತ್ರದಲ್ಲಿ ಆ ದಿನದ ಬ್ಯಾಚ್ ಮುಚ್ಚಿದ ಮೇಲೆ. ಹಲವು ಕಡೆ ಇದು ತಾನಾಗಿಯೇ ಆಗುತ್ತದೆ. ಕೆಲವು ಕಡೆ ಅಂಗಡಿಯವರೇ ರಾತ್ರಿ ‘ಸೆಟಲ್‌ಮೆಂಟ್’ ಒತ್ತಬೇಕು. ಮರೆತರೆ ಹಣ ಬರುವುದು ತಡವಾಗುತ್ತದೆ. ಅಂಗಡಿಯ ಬ್ಯಾಂಕು ದಿನದ ವಹಿವಾಟುಗಳನ್ನೆಲ್ಲ ಕಡತ ಮಾಡಿ ಜಾಲಕ್ಕೆ ಕಳಿಸುತ್ತದೆ. ಪ್ರತಿ ಸಾಲಿಗೂ 23 ಅಂಕೆಯ ಇನ್ನೊಂದು ಗುರುತು ಸಂಖ್ಯೆ ಸೇರುತ್ತದೆ. ಜಾಲವು ಸಾಲು ಸಾಲಾಗಿ ಯಾರು ಯಾರಿಗೆ ಎಷ್ಟು ಶುಲ್ಕ ಕೊಡಬೇಕೆಂದು ಎಣಿಸಿ, ಪ್ರತಿ ಬ್ಯಾಂಕಿಗೆ ಬರಬೇಕಾದದ್ದನ್ನು ಕೊಡಬೇಕಾದದ್ದರೊಂದಿಗೆ ವಜಾ ಮಾಡಿ, ಉಳಿಯುವ ಒಂದೇ ಮೊತ್ತವನ್ನು ಹೇಳುತ್ತದೆ. ಲಕ್ಷಾಂತರ ಖರೀದಿಗಳು ಕೊನೆಗೆ ಬ್ಯಾಂಕುಗಳ ನಡುವೆ ಬೆರಳೆಣಿಕೆಯ ಮೊತ್ತಗಳಾಗಿ ತೀರುತ್ತವೆ. ವರ್ತಕರಿಗೆ ಸಾಮಾನ್ಯವಾಗಿ ಮರು ಕೆಲಸದ ದಿನ ಹಣ ಬರುತ್ತದೆ.

ಎಟಿಎಂ ದಾರಿ ಇದಕ್ಕಿಂತ ಬೇರೆ. ಅಲ್ಲಿ ನೋಟು ಕೈಗೆ ಬರುವುದರಿಂದ ಒಪ್ಪಿಗೆಯೂ ಖಾತೆಯಿಂದ ಹಣ ಕಳೆಯುವುದೂ ಒಂದೇ ಸಂದೇಶದಲ್ಲಿ ಮುಗಿಯುತ್ತವೆ. ‘ದುಡ್ಡು ಬರಲಿಲ್ಲ, ಅಕೌಂಟಿನಲ್ಲಿ ಕಟ್ ಆಯ್ತು’ ಎಂಬ ದೂರು ಹುಟ್ಟುವುದು ಇಲ್ಲೇ. ಬ್ಯಾಂಕು ಹಣ ಕಳೆದ ಮೇಲೆ ಯಂತ್ರ ನೋಟು ಕೊಡದೆ ನಿಂತರೆ, ‘ವಾಪಸು ಮಾಡು’ ಎನ್ನುವ ಸಂದೇಶ ಹಿಂದೆ ಹೋಗಬೇಕು. ಅದು ದಾರಿಯಲ್ಲಿ ಕಳೆದುಹೋದರೆ ಮರುದಿನದ ಲೆಕ್ಕ ತಾಳೆಯವರೆಗೆ ಕಾಯಬೇಕು.

ಲೆಕ್ಕ ತಾಳೆ ಬ್ಯಾಂಕಿನೊಳಗಿನ ಅತ್ಯಂತ ಶ್ರಮದ ಕೆಲಸಗಳಲ್ಲಿ ಒಂದು. ಎಟಿಎಂ ತಾನೇ ಬರೆದುಕೊಂಡ ದಿನಚರಿ, ಸಂದೇಶಗಳನ್ನು ದಾಟಿಸುವ ಸ್ವಿಚ್‌ನ ದಾಖಲೆ, ಜಾಲದ ವರದಿ, ಗ್ರಾಹಕರ ಖಾತೆಯಿರುವ ಕೋರ್ ಬ್ಯಾಂಕಿಂಗ್ ತಂತ್ರಾಂಶ, ಪೆಟ್ಟಿಗೆಯಲ್ಲಿ ಎಣಿಸಿದ ನೋಟು, ಇವೆಲ್ಲ ಒಂದಕ್ಕೊಂದು ಹೊಂದಬೇಕು. ಹೊಂದದ ಪ್ರತಿ ಸಾಲೂ ತಾತ್ಕಾಲಿಕ ಖಾತೆಯೊಂದರಲ್ಲಿ ಕೂರುತ್ತದೆ, ಅದನ್ನು ತೀರಿಸಲು ಒಬ್ಬ ಮನುಷ್ಯ ಬೇಕು. ಕೋರ್ ಬ್ಯಾಂಕಿಂಗ್‌ನಲ್ಲಿ ಬೆಂಗಳೂರಿನ ಕೊಡುಗೆ ದೊಡ್ಡದು: ಇನ್ಫೋಸಿಸ್ ರೂಪಿಸಿದ ಫಿನಾಕಲ್ ತಂತ್ರಾಂಶದ ಮೇಲೆ ದೇಶ ವಿದೇಶಗಳ ಎಷ್ಟೋ ಬ್ಯಾಂಕುಗಳ ಖಾತೆಗಳು ನಡೆಯುತ್ತವೆ.

ವರ್ತಕರ ಶುಲ್ಕ ಯಾರ ಪಾಲು?

ಅಂಗಡಿಯಿಂದ ಕಳೆಯುವ ಹಣಕ್ಕೆ ಎಂಡಿಆರ್ ಎಂಬ ಹೆಸರು ಬ್ಯಾಂಕು, ಅಂಗಡಿ ಎರಡರಲ್ಲೂ ರೂಢಿಯಲ್ಲಿದೆ. ಅದು ಮೂರು ಪಾಲಾಗುತ್ತದೆ. ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಇದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಒಂದು ಚಿಕ್ಕ ಪಾಲು ಜಾಲಕ್ಕೆ. ಉಳಿದದ್ದು ಯಂತ್ರ ಕೊಟ್ಟ ಬ್ಯಾಂಕಿಗೆ. ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟು, ವಿಮಾನ ನಿಲ್ದಾಣದ ಲಾಂಜು, ಬಡ್ಡಿಯಿಲ್ಲದ ನಲವತ್ತೈದು ಐವತ್ತು ದಿನಗಳ ಸಾಲ, ಇವಕ್ಕೆಲ್ಲ ಹಣದ ಮುಖ್ಯ ಮೂಲಗಳಲ್ಲಿ ಇಂಟರ್‌ಚೇಂಜ್ ಒಂದು. ಅಂಗಡಿಯವರು ಆ ಶುಲ್ಕವನ್ನು ಬೆಲೆಯೊಳಗೆ ಸೇರಿಸುವಷ್ಟರ ಮಟ್ಟಿಗೆ, ನೋಟು ಕೊಟ್ಟು ಕೊಳ್ಳುವವರೂ ಕಾರ್ಡುದಾರರ ಪಾಯಿಂಟುಗಳಿಗೆ ಹಣ ಹಾಕುತ್ತಿದ್ದಾರೆ. ಈ ಅನ್ಯಾಯ ಮೆಲ್ಲಗೆ ನಡೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಜಗತ್ತಿನ ಹಲವು ದೇಶಗಳು ಇದಕ್ಕೆ ಲಗಾಮು ಹಾಕಿವೆ. ಆಸ್ಟ್ರೇಲಿಯದ ರಿಸರ್ವ್ ಬ್ಯಾಂಕ್ 2003ರಲ್ಲೇ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜ್ ಇಳಿಸಿತು. ಅಮೆರಿಕದಲ್ಲಿ ಡರ್ಬಿನ್ ತಿದ್ದುಪಡಿಯಂತೆ 2011ರಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಿತಿ ಬಂತು. ಐರೋಪ್ಯ ಒಕ್ಕೂಟ 2015ರಲ್ಲಿ ಗ್ರಾಹಕರ ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3 ಎಂದು ಇಂಟರ್‌ಚೇಂಜ್ ಮಿತಿ ಹಾಕಿತು. ಅದೇ ಕಾನೂನಿನಲ್ಲಿ ಇನ್ನೊಂದು ಮುಖ್ಯ ಕಲಮಿದೆ: ಬ್ಯಾಂಕು ವರ್ತಕರಿಗೆ ಕಾರ್ಡಿನ ಬಗೆಗೆ ತಕ್ಕಂತೆ ಶುಲ್ಕವನ್ನೂ ಅದರೊಳಗಿನ ಇಂಟರ್‌ಚೇಂಜ್ ಪಾಲನ್ನೂ ಬಿಡಿಸಿ ತೋರಿಸಬೇಕು.

ಭಾರತ ಹಿಡಿದ ದಾರಿ ಬೇರೆ. ಇಲ್ಲಿ ಡೆಬಿಟ್ ಕಾರ್ಡಿನ ಒಟ್ಟು ಎಂಡಿಆರ್‌ಗೇ ಮಿತಿ ಬಂತು. 2012ರ ಸೆಪ್ಟೆಂಬರಿನಿಂದ ₹2,000ರ ವರೆಗೆ ಶೇ 0.75, ಅದರಾಚೆಗೆ ಶೇ 1. 2018ರ ಜನವರಿ 1ರಿಂದ ಮೊತ್ತದ ಬದಲು ವರ್ತಕರ ಗಾತ್ರ ಅಳತೆಗೋಲಾಯಿತು: ವರ್ಷಕ್ಕೆ ₹20 ಲಕ್ಷದ ವರೆಗೆ ವಹಿವಾಟಿರುವ ಸಣ್ಣ ವರ್ತಕರಿಗೆ ಯಂತ್ರದಲ್ಲಿ ಶೇ 0.40, ಒಂದು ವಹಿವಾಟಿಗೆ ₹200 ಮೀರದಂತೆ. ಉಳಿದವರಿಗೆ ಶೇ 0.90, ₹1,000 ಮೀರದಂತೆ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಎಂಡಿಆರ್ ಸೊನ್ನೆಯಾಯಿತು. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ. ಬ್ಯಾಂಕು ಮತ್ತು ವರ್ತಕರ ಚೌಕಾಸಿಯೇ ದರ. ದೊಡ್ಡ ಮಳಿಗೆಗೆ ಚೌಕಾಸಿಯ ಬಲವಿದೆ, ಊರಿನ ಬಟ್ಟೆ ಅಂಗಡಿಗೆ ಇಲ್ಲ. ‘ಕಾರ್ಡಾದ್ರೆ ಟೂ ಪರ್ಸೆಂಟ್ ಎಕ್ಸ್ಟ್ರಾ’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಡೆಬಿಟ್ ಕಾರ್ಡಿಗೆ ಹಾಗೆ ಹೆಚ್ಚುವರಿ ಕೇಳುವುದನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ತಡೆದಿದೆ ಎಂಬುದು ಕೌಂಟರಿನ ಎರಡೂ ಕಡೆಯ ಬಹಳ ಮಂದಿಗೆ ತಿಳಿದಿಲ್ಲ.

ಸೊನ್ನೆ ಶುಲ್ಕದ ಬಗ್ಗೆ ಎರಡು ವಾದಗಳಿವೆ. ಪಾವತಿ ಜಾಲ ರಸ್ತೆಯಂಥ ಸಾರ್ವಜನಿಕ ಸೌಲಭ್ಯ, ಬಡ ವರ್ತಕರಿಂದ ಅದಕ್ಕೆ ಸುಂಕ ಕೀಳಬಾರದು ಎಂಬುದು ಒಂದು. ಯಂತ್ರ, ಸರ್ವರು, ಮೋಸ ತಡೆಯುವ ಕೆಲಸ, ದೂರು ಬಗೆಹರಿಸುವ ಸಿಬ್ಬಂದಿ ಯಾವುದೂ ಬಿಟ್ಟಿ ಬರುವುದಿಲ್ಲ, ಆದಾಯವಿಲ್ಲದ ಕಡೆ ಬ್ಯಾಂಕು ಹಣ ಹೂಡುವುದಿಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಸರ್ಕಾರವೂ ಇದನ್ನು ಒಪ್ಪಿಯೇ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡಲು ಶುರುಮಾಡಿತು. ರುಪೇ ಡೆಬಿಟ್ ಕಾರ್ಡು ಮತ್ತು ಸಣ್ಣ ಮೊತ್ತದ ಯುಪಿಐ ವಹಿವಾಟಿಗೆ 2021–22ಕ್ಕೆ ₹1,300 ಕೋಟಿ, 2022–23ಕ್ಕೆ ₹2,600 ಕೋಟಿಯ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದರೆ ವೆಚ್ಚ ಮಾಯವಾಗಿಲ್ಲ. ಅಂಗಡಿಯವರ ಹೆಗಲಿನಿಂದ ತೆರಿಗೆದಾರರ ಹೆಗಲಿಗೂ ಬ್ಯಾಂಕಿನ ಬೇರೆ ಶುಲ್ಕಗಳಿಗೂ ಜರುಗಿದೆ. 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ಶುಲ್ಕಗಳ ಬಗ್ಗೆ ಚರ್ಚಾಪತ್ರ ಹೊರಡಿಸಿದಾಗ ಈ ಪ್ರಶ್ನೆಗಳೆಲ್ಲ ಸಾರ್ವಜನಿಕರ ಮುಂದೆ ಬಂದಿದ್ದವು. ಯುಪಿಐಗೆ ಶುಲ್ಕ ಹಾಕುವ ಯೋಚನೆಯಿಲ್ಲ ಎಂದು ಹಣಕಾಸು ಸಚಿವಾಲಯ ಕೆಲವೇ ದಿನಗಳಲ್ಲಿ ಹೇಳಿತು. ಆಮೇಲೆ ಚರ್ಚೆಯ ಕಾವೂ ಇಳಿಯಿತು.

ಕಾರ್ಡುದಾರರ ಖಾತೆಯಿಂದ ಹೋಗುವುದು

ಎಟಿಎಂ ಶುಲ್ಕದಿಂದ ಆರಂಭಿಸೋಣ. ಉಳಿತಾಯ ಖಾತೆದಾರರಿಗೆ ತಮ್ಮ ಬ್ಯಾಂಕಿನ ಎಟಿಎಂಗಳಲ್ಲಿ ತಿಂಗಳಿಗೆ ಐದು ವಹಿವಾಟು ಉಚಿತ. ಬೇರೆ ಬ್ಯಾಂಕಿನ ಎಟಿಎಂಗಳಲ್ಲಿ ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಮೂರು, ಉಳಿದ ಊರುಗಳಲ್ಲಿ ಐದು. ಇಲ್ಲಿ ಲೆಕ್ಕಕ್ಕೆ ಬರುವುದು ಎಟಿಎಂ ಇರುವ ಊರು, ಖಾತೆಯಿರುವ ಊರಲ್ಲ. ಹಾವೇರಿಯ ಖಾತೆದಾರರು ಬೆಂಗಳೂರಿನಲ್ಲಿ ಹಣ ತೆಗೆದರೆ ಅದು ಮಹಾನಗರದ ಲೆಕ್ಕ. ಬೇರೆ ಬ್ಯಾಂಕಿನ ಯಂತ್ರದಲ್ಲಿ ಬರೀ ಬ್ಯಾಲೆನ್ಸ್ ನೋಡಿದರೂ ಒಂದು ಎಣಿಕೆ ಕಳೆಯಿತು. ಮಿತಿ ದಾಟಿದ ಮೇಲೆ 2025ರ ಮೇ 1ರಿಂದ ಪ್ರತಿ ವಹಿವಾಟಿಗೆ ಹೆಚ್ಚೆಂದರೆ ₹23, ತೆರಿಗೆ ಪ್ರತ್ಯೇಕ. ಇದಕ್ಕೆ ಬೆನ್ನಾಗಿ ಬ್ಯಾಂಕುಗಳ ನಡುವೆಯೂ ಕೊಡು-ಕೊಳ್ಳು ಇದೆ: ಕಾರ್ಡ್ ಕೊಟ್ಟ ಬ್ಯಾಂಕು ಎಟಿಎಂ ಒಡೆಯ ಬ್ಯಾಂಕಿಗೆ ನಗದು ತೆಗೆದದ್ದಕ್ಕೆ ₹19, ಬ್ಯಾಲೆನ್ಸ್ ನೋಡಿದಂಥ ಕೆಲಸಕ್ಕೆ ₹7 ಕೊಡುತ್ತದೆ. ಇಲ್ಲಿ ದುಡ್ಡಿನ ದಿಕ್ಕು ಅಂಗಡಿ ವ್ಯವಹಾರಕ್ಕೆ ತದ್ವಿರುದ್ಧ. ಅಲ್ಲಿ ಕಾರ್ಡ್ ಬ್ಯಾಂಕು ಪಡೆಯುತ್ತದೆ, ಇಲ್ಲಿ ಕೊಡುತ್ತದೆ.

2019ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸ್ಪಷ್ಟನೆ ಕೊಡಬೇಕಾಯಿತು: ತಾಂತ್ರಿಕ ದೋಷದಿಂದ, ಯಂತ್ರದಲ್ಲಿ ನೋಟಿಲ್ಲದ್ದರಿಂದ, ತಪ್ಪು ಪಿನ್‌ನಿಂದ ವಿಫಲವಾದ ಯತ್ನಗಳನ್ನು ಉಚಿತ ಎಣಿಕೆಯಲ್ಲಿ ಸೇರಿಸಬಾರದು. ಇಂಥದ್ದನ್ನು ಬರೆದು ಹೇಳಬೇಕಾಯಿತೆಂದರೆ ಎಣಿಕೆ ಮಾಡುವ ತಂತ್ರಾಂಶ ಎಷ್ಟು ಕುರುಡಾಗಿ ಎಣಿಸಬಲ್ಲದು ಎಂಬುದು ತಿಳಿಯುತ್ತದೆ. ಶುಲ್ಕ ಬೀಳುವುದು ಮನುಷ್ಯರ ತೀರ್ಮಾನದಿಂದಲ್ಲ. ತಿಂಗಳ ಎಣಿಕೆ ಮಿತಿ ದಾಟಿದೆಯೇ ಎಂದು ನೋಡಿ ರಾತ್ರಿ ಓಡುವ ಒಂದು ಕಾರ್ಯಕ್ರಮ ಸಾವಿರಾರು ಖಾತೆಗಳಿಂದ ಒಟ್ಟಿಗೇ ಹಣ ಕಳೆಯುತ್ತದೆ. ಅದರ ಒಂದು ಷರತ್ತು ತಪ್ಪಿದ್ದರೆ ತಪ್ಪೂ ಒಟ್ಟಿಗೇ ಆಗುತ್ತದೆ, ಒಬ್ಬೊಬ್ಬರಿಗೆ ಇಪ್ಪತ್ತು ಮೂವತ್ತು ರೂಪಾಯಿಯಾದ್ದರಿಂದ ಕೇಳುವವರು ವಿರಳ.

ಕ್ರೆಡಿಟ್ ಕಾರ್ಡಿನ ಬಡ್ಡಿಯ ಲೆಕ್ಕ ಇದಕ್ಕಿಂತ ಕಠಿಣ. ತಿಂಗಳಿಗೆ ಶೇ 3.5 ಎಂಬುದು ಸಾಮಾನ್ಯವಾಗಿ ಕಾಣುವ ದರ, ವರ್ಷಕ್ಕೆ ಶೇ 42. ₹30,000ದ ಬಿಲ್ಲಿಗೆ ‘ಕನಿಷ್ಠ ಪಾವತಿ’ ಎಂದು ಶೇ 5, ಅಂದರೆ ₹1,500 ಕಟ್ಟಿದರೆ ಉಳಿದ ₹28,500ರ ಮೇಲೆ ಒಂದು ತಿಂಗಳ ಬಡ್ಡಿ ಸುಮಾರು ₹998, ಅದರ ಮೇಲೆ ಜಿಎಸ್‌ಟಿ ಸುಮಾರು ₹180. ಕಟ್ಟಿದ ₹1,500ರಲ್ಲಿ ಹೆಚ್ಚುಕಡಿಮೆ ₹1,178ನ್ನು ಒಂದೇ ತಿಂಗಳು ನುಂಗಿತು. ಪೂರ್ತಿ ಬಿಲ್ಲು ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿಯೂ ತಪ್ಪುತ್ತದೆ, ಹೊಸ ಖರೀದಿಗೆ ಆ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರಂತೂ ಮೊದಲ ದಿನದಿಂದ ಬಡ್ಡಿ, ಜೊತೆಗೆ ಪ್ರತ್ಯೇಕ ಶುಲ್ಕ. ವಿದೇಶದಲ್ಲಿ ಓದುವ ಮಕ್ಕಳು ಇಲ್ಲಿಯ ಕಾರ್ಡ್ ಬಳಸಿದಾಗ ಸಾಮಾನ್ಯವಾಗಿ ಶೇ 3.5ರ ವರೆಗೆ ವಿನಿಮಯ ಶುಲ್ಕ ಸೇರುತ್ತದೆ. ಅಲ್ಲಿಯ ಯಂತ್ರ ‘ರೂಪಾಯಿಯಲ್ಲೇ ಕೊಡುವಿರಾ’ ಎಂದು ಕೇಳಿದಾಗ ಒಪ್ಪಿದರೆ ಅಂಗಡಿಯ ಕಡೆಯವರು ಹಾಕುವ ದುಬಾರಿ ವಿನಿಮಯ ದರವೇ ಅನ್ವಯವಾಗುತ್ತದೆ.

ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕಾರ್ಡ್ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದು ಎಂದಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿಟ್ಟಿತು. ದರದ ಮಿತಿ ಹೋದಂತೆ, ದರ ಅರ್ಥವಾಗುವಂತೆ ಹೇಳುವ ಹೊಣೆಯ ತೂಕ ಹೆಚ್ಚಿತು. 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಕಾರ್ಡ್ ನಿರ್ದೇಶನ ಈ ದಿಕ್ಕಿನ ದೊಡ್ಡ ಹೆಜ್ಜೆ. ಕೇಳದೆ ಕಾರ್ಡ್ ಕಳಿಸುವಂತಿಲ್ಲ. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳ ಮೇಲೆ ಬಡ್ಡಿ ಬೆಳೆಸುವಂತಿಲ್ಲ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ದಂಡ. ಬಾಕಿ ತೀರಿಸಿ ಕಾರ್ಡ್ ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ ₹500 ಗ್ರಾಹಕರಿಗೆ ಕೊಡಬೇಕು.

ಲೆಕ್ಕ ತಪ್ಪಿದಾಗ

ಈ ಕ್ಷೇತ್ರದಲ್ಲಿ ನಮ್ಮ ನಿಯಮಗಳು ಗ್ರಾಹಕರ ಪರ ಗಟ್ಟಿಯಾಗಿವೆ, ಅದನ್ನು ಮನಸಾರೆ ಒಪ್ಪಬೇಕು. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಎಟಿಎಂನಲ್ಲಿ ನೋಟು ಬರದೆ ಖಾತೆಯಿಂದ ಹಣ ಹೋಗಿದ್ದರೆ ಆ ದಿನ ಬಿಟ್ಟು ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ವಾಪಸು ಹಾಕಬೇಕು. ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ, ಅದನ್ನೂ ಗ್ರಾಹಕರು ಕೇಳುವ ಮೊದಲೇ ಕೊಡಬೇಕು. ಅಂಗಡಿಯಲ್ಲಿ ಹಣ ಕಳೆದು ಚೀಟಿ ಬಾರದಿದ್ದರೂ ಗಡುವು ಇದೇ.

ಮೋಸದ ವಹಿವಾಟಿಗೆ 2017ರ ಜುಲೈ 6ರ ಸುತ್ತೋಲೆಯಿದೆ. ಬ್ಯಾಂಕಿನ ತಪ್ಪಿದ್ದರೆ ಗ್ರಾಹಕರ ಹೊಣೆ ಸೊನ್ನೆ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿಕೆಯಾಗಿದ್ದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಮಾಮೂಲಿ ಉಳಿತಾಯ ಖಾತೆಗೆ ಹೆಚ್ಚೆಂದರೆ ₹10,000. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳಲ್ಲಿ ದೂರು ತೀರಬೇಕು. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಬ್ಯಾಂಕು 30 ದಿನ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, 2021ರ ನವೆಂಬರಿನಿಂದ ಇಡೀ ದೇಶಕ್ಕೆ ಒಂದೇ ಕಿಟಕಿಯಾದ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು.

ಆದರೆ ಹಕ್ಕು ಕೈಗೆ ಬರಲು ಒಂದು ಸಣ್ಣ ವಸ್ತು ಬೇಕು: ವಹಿವಾಟಿನ ಸಂಖ್ಯೆ. ದೂರಿನಲ್ಲಿ ದಿನಾಂಕ, ಮೊತ್ತ, ಎಟಿಎಂ ಇದ್ದ ಸ್ಥಳ, ಆರ್‌ಆರ್‌ಎನ್ ಬರೆದವರ ಕಡತ ನೇರ ತಾಳೆ ವಿಭಾಗಕ್ಕೆ ಹೋಗುತ್ತದೆ. ‘ದುಡ್ಡು ಹೋಯಿತು’ ಎಂದಷ್ಟೇ ಬರೆದವರು ಶಾಖೆಯಿಂದ ಶಾಖೆಗೆ ಅಲೆಯುತ್ತಾರೆ. ಬ್ಯಾಂಕಿನ ಬಳಿ ಆ ಸಂಖ್ಯೆ ಇದೆ. ಅಲೆಯುವವರ ಬಳಿ ಇಲ್ಲ.

ಜಾಡು ಯಾರ ಕೈಯಲ್ಲಿ?

ಪ್ರತಿ ಪಾವತಿಯೂ ಎಲ್ಲಿ, ಯಾವಾಗ, ಯಾವ ಬಗೆಯ ಅಂಗಡಿಯಲ್ಲಿ ಎಂಬ ಗುರುತು ಬಿಟ್ಟು ಹೋಗುತ್ತದೆ. ಈ ದಾಖಲೆಯ ಬೆಲೆ ತಿಳಿದೇ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಪಾವತಿ ಮಾಹಿತಿ ಭಾರತದಲ್ಲೇ ಇರಬೇಕು ಎಂದು ಆದೇಶಿಸಿತು. ಪಾಲಿಸದ್ದಕ್ಕೆ 2021ರ ಜುಲೈನಿಂದ ಮಾಸ್ಟರ್‌ಕಾರ್ಡ್‌ಗೆ ಹೊಸ ಗ್ರಾಹಕರನ್ನು ಸೇರಿಸದಂತೆ ತಡೆ ಬಿತ್ತು, 2022ರ ಜೂನ್‌ನಲ್ಲಿ ತೆರವಾಯಿತು. 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ಕಾರ್ಡ್ ಸಂಖ್ಯೆಯನ್ನೇ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಆ ಅಂಗಡಿಗಷ್ಟೇ ನಡೆಯುವ ಟೋಕನ್ ಇರಬೇಕು. ಎರಡೂ ಜನರ ಹಿತದ ಕ್ರಮಗಳೇ.

ಅದೇ ಜಾಡು ತೆರಿಗೆ ಇಲಾಖೆಗೂ ತೆರೆದಿದೆ. ವರ್ಷಕ್ಕೆ ₹10 ಲಕ್ಷ ಅಥವಾ ಹೆಚ್ಚಿನ ಕ್ರೆಡಿಟ್ ಕಾರ್ಡ್ ಬಿಲ್ಲು ಕಟ್ಟಿದವರ ವಿವರವನ್ನು ಬ್ಯಾಂಕುಗಳು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುತ್ತವೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ದಾಖಲೆ ಆಧರಿಸಿ ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಚಹಾ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದನ್ನು ಕಂಡೆವು. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ಆದರೆ ಖಾತೆಗೆ ಬಂದ ಮೊತ್ತದಲ್ಲಿ ವ್ಯಾಪಾರ ಎಷ್ಟು, ತೆರಿಗೆಯಿಲ್ಲದ ಹಾಲು, ತರಕಾರಿಯದು ಎಷ್ಟು, ನೆಂಟರು ಕಳಿಸಿದ್ದು ಎಷ್ಟು ಎಂದು ಬಿಡಿಸಿ ಹೇಳುವ ಸಾಧನ ಆ ವರ್ತಕರ ಬಳಿ ಇರಲಿಲ್ಲ. ಅವರದೇ ವ್ಯವಹಾರದ ದಾಖಲೆ ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿತ್ತು.

ಆಗಬೇಕಾದದ್ದು

ಇಷ್ಟನ್ನೂ ಒಟ್ಟಿಗೆ ನೋಡಿದಾಗ ಒಂದು ಮಾತು ಗಟ್ಟಿಯಾಗುತ್ತದೆ. ಶುಲ್ಕ ಇರಬಾರದೆಂಬುದು ಯಾರ ವಾದವೂ ಆಗಬೇಕಿಲ್ಲ, ಸೇವೆಗೆ ಬೆಲೆಯುಂಟು. ತೊಡಕು ಇರುವುದು ಮಾಹಿತಿಯ ಹಂಚಿಕೆಯಲ್ಲಿ. ವಹಿವಾಟಿನ ಪ್ರತಿ ವಿವರವೂ ಬ್ಯಾಂಕು ಮತ್ತು ಜಾಲದ ಕಡತದಲ್ಲಿ ಅಂಕೆ ತಪ್ಪದೆ ಇದೆ, ಆ ವಿವರ ಗ್ರಾಹಕರ ಮತ್ತು ವರ್ತಕರ ಕೈಗೆ ಬರುವಾಗ ಕಳೆದುಹೋಗುತ್ತದೆ. ಇದನ್ನು ಸರಿಪಡಿಸಲು ಹೊಸ ತಂತ್ರಜ್ಞಾನ ಬೇಕಿಲ್ಲ.

ಮೊದಲನೆಯದು, ಖಾತೆಯಿಂದ ಶುಲ್ಕ ಕಳೆದ ಪ್ರತಿ ಸಾಲಿನಲ್ಲೂ ಯಾವ ವಹಿವಾಟಿಗಾಗಿ, ಯಾವ ನಿಯಮದಡಿ, ತೆರಿಗೆ ಎಷ್ಟು ಎಂಬುದು ಇರಬೇಕು. ‘ಎಟಿಎಂ ಚಾರ್ಜ್’ ಎಂಬ ಎರಡು ಪದದ ಬದಲು ‘ಇಂಥ ದಿನ ಇಂಥ ಊರಿನಲ್ಲಿ ನಾಲ್ಕನೆಯ ವಹಿವಾಟು, ಉಚಿತ ಮೂರು’ ಎಂದು ಬರೆಯಲು ಬೇಕಾದ ಎಲ್ಲ ಅಂಕೆಯೂ ಬ್ಯಾಂಕಿನ ಬಳಿ ಇದೆ. ಗ್ರಾಹಕರಿಗೆ ಕೊಡುವ ಅರ್ಜಿ, ಪುಸ್ತಕಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಹಿಂದಿನಿಂದ ಹೇಳುತ್ತ ಬಂದಿದೆ. ಶುಲ್ಕದ ಸಾಲು ಕನ್ನಡದಲ್ಲಿ ಬಂದಾಗ ಆ ಮಾತು ನಿಜಕ್ಕೂ ಜಾರಿಗೆ ಬಂದಂತೆ.

ಎರಡನೆಯದು, ವರ್ತಕರ ತಿಂಗಳ ಲೆಕ್ಕದಲ್ಲಿ ಶುಲ್ಕವನ್ನು ಕಾರ್ಡ್ ಬ್ಯಾಂಕು, ಜಾಲ, ಯಂತ್ರದ ಬ್ಯಾಂಕು ಎಂದು ಬಿಡಿಸಿ ತೋರಿಸಬೇಕು. ಐರೋಪ್ಯ ಒಕ್ಕೂಟ ಶುಲ್ಕ ಬಿಡಿಸಿ ಹೇಳುವುದನ್ನು ಕಡ್ಡಾಯ ಮಾಡಿ ವರ್ಷಗಳೇ ಆದವು. ದರ ಎಲ್ಲಿ ಏರಿದೆ ಎಂದು ಕಂಡಾಗಲೇ ಊರಿನ ಅಂಗಡಿಯವರಿಗೂ ಚೌಕಾಸಿಯ ಬಲ ಬರುತ್ತದೆ.

ಮೂರನೆಯದು, ಸೊನ್ನೆ ಎಂಡಿಆರ್‌ನ ನಿಜವಾದ ವೆಚ್ಚ ಎಷ್ಟು, ಅದರಲ್ಲಿ ಪ್ರೋತ್ಸಾಹಧನ ತುಂಬಿದ್ದು ಎಷ್ಟು, ಬ್ಯಾಂಕುಗಳು ಹೊತ್ತದ್ದು ಎಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಆಗ ಶುಲ್ಕ ಬೇಕೇ ಬೇಡವೇ ಎಂಬ ಚರ್ಚೆ ಊಹೆಯ ಮೇಲೆ ನಿಲ್ಲುವುದಿಲ್ಲ.

ನಾಲ್ಕನೆಯದು ನಮ್ಮ ಕೈಯಲ್ಲೇ ಇದೆ. ಚೀಟಿಯನ್ನೋ ಅದರ ಫೋಟೊವನ್ನೋ ಇಟ್ಟುಕೊಳ್ಳುವುದು, ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಓದುವುದು, ಅರ್ಥವಾಗದ ಕಡಿತ ಇಪ್ಪತ್ಮೂರು ರೂಪಾಯಿಯದಾದರೂ ಬರೆದು ಕೇಳುವುದು. ಸಾವಿರಾರು ಖಾತೆಗಳಲ್ಲಿ ಒಂದೇ ತಪ್ಪು ಮರುಕಳಿಸುವಾಗ ಒಬ್ಬರ ಲಿಖಿತ ಪ್ರಶ್ನೆ ಉಳಿದೆಲ್ಲರ ಹಣವನ್ನೂ ಉಳಿಸಬಹುದು. ಬ್ಯಾಂಕು ನಮ್ಮ ಪ್ರತಿ ಪಾವತಿಯ ಲೆಕ್ಕ ಇಡುತ್ತದೆ. ಆ ಲೆಕ್ಕವನ್ನು ಓದಿ ಪ್ರಶ್ನಿಸುವ ಹಕ್ಕು ನಮ್ಮದು, ಓದಲು ಬರುವಂತೆ ಕೊಡುವ ಹೊಣೆ ಅದರದು.